ಆಪ್ಷನ್ ಎಂಟ್ರಿಗೆ ಮುಂಚೆ ಒಂದು ಕೆಟ್ಟ ಫ್ಯಾನ್: ನನ್ನ ಅನುಭವ

ಸಿಇಟಿ (ಇಂಜಿನಿಯರಿಂಗ್ ಸೀಟಿಗೆ ಬರೆಯುವ ಪ್ರವೇಶ ಪರೀಕ್ಷೆ) ಮುಗಿದು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚ್ ಆರಿಸಿ ತುಂಬುವುದು, ಶುರುವಾಗುವ ತನಕ ಹುಡುಗರಿಗೆ ಒಂದಷ್ಟು ವಾರ ಬಿಡುವು ಸಿಗುತ್ತದೆ. ಮನೆಯವರೆಲ್ಲ ಹೋದ ವರ್ಷದ ಕಟ್ ಆಫ್ ನೋಡುತ್ತಾ ಕೂತಿರುತ್ತಾರೆ. ನಾನು ಆ ವಾರಗಳನ್ನು ಬೇರೆ ಕೆಲಸಕ್ಕೆ ಹಚ್ಚುತ್ತೇನೆ. ಇವನಿಗೆ ಇಂಜಿನಿಯರಿಂಗ್ ಒಗ್ಗುತ್ತದಾ ಅಂತ ಕೆಲಸ ಕೊಟ್ಟೇ ನೋಡುತ್ತೇನೆ. ತಿಪಟೂರು ಕಡೆ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳುವವನು ನಾನು. 'ರ್‍ಯಾಂಕ್ ಬಂದ ಮೇಲೆ ನೋಡೋಕೆ ಇನ್ನೇನಿದೆ ಸಾರ್?' ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. ಈಗ ಅವರೇ ತಮ್ಮ ಮನೆ ಮಕ್ಕಳನ್ನು ಕಳಿಸುತ್ತಿದ್ದಾರೆ.

ರ್‍ಯಾಂಕ್ ಹೇಗೆ ಬರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಪಿಯು ಅಂಕ ಅರ್ಧ, ಸಿಇಟಿ ಅರ್ಧ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೂ 80 ನಿಮಿಷಕ್ಕೆ 60 ಪ್ರಶ್ನೆ, ನೆಗೆಟಿವ್ ಮಾರ್ಕ್ಸ್ ಇಲ್ಲ. ಸರಿ ಉತ್ತರ ಕೊಟ್ಟಿರುವ ನಾಲ್ಕು ಆಯ್ಕೆಗಳಲ್ಲೇ ಎಲ್ಲೋ ಇದ್ದೇ ಇರುತ್ತದೆ. ಉತ್ತರ ಕಣ್ಣೆದುರಿಗೆ ಇಲ್ಲದಾಗ ಹುಡುಗ ಏನು ಮಾಡುತ್ತಾನೆ? ನನಗೆ ಬೇಕಾಗಿದ್ದು ಅದು.

ಮೊದಮೊದಲು ದುಡ್ಡು ಬೇಜಾನ್ ಹೋಯಿತು. ಆಪ್ಟಿಟ್ಯೂಡ್ ಟೆಸ್ಟ್ ಅಂತ ತಲೆಗೆ ಸಾವಿರ ಚಿಲ್ಲರೆ ಕೊಟ್ಟು ಮಾಡಿಸಿದೆವು. ಬಣ್ಣದ ರಿಪೋರ್ಟ್ ಬಂತು, ಎಲ್ಲರಿಗೂ 'ಇಂಜಿನಿಯರಿಂಗ್ ಸೂಕ್ತ' ಅಂತಲೇ ಇತ್ತು! ಆಮೇಲೆ ವ್ಯಾನ್ ಮಾಡಿಕೊಂಡು ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಗೆ ಕರೆದೊಯ್ದೆ. ಡೀಸೆಲ್, ಊಟ ಸೇರಿ ಏಳೆಂಟು ಸಾವಿರ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮೆಷಿನ್ ಮುಂದೆ ಸೆಲ್ಫಿ ತೆಗೆದುಕೊಂಡು ಬಂದರು, ಅಷ್ಟೇ. ಆರ್ಡುಯಿನೊ ಅಂತ ಕೋಡ್ ಬರೆದು ನಡೆಸುವ ಸಣ್ಣ ಎಲೆಕ್ಟ್ರಾನಿಕ್ಸ್ ಕಿಟ್ ಕೊಂಡೆ. ಯೂಟ್ಯೂಬ್ ನೋಡಿ ಕೋಡ್ ಕಾಪಿ ಹೊಡೆದು ಎಲ್ಇಡಿ ಮಿಣುಕಿಸಿದರು. 'ಎರಡು ಎಲ್ಇಡಿ ಬೇರೆ ಬೇರೆ ವೇಗದಲ್ಲಿ ಮಿಣುಕಲಿ' ಅಂದರೆ ಎಲ್ಲರ ತಲೆ ಕೆಳಗೆ. ಕಿಟ್‌ಗಳು ಇನ್ನೂ ನಮ್ಮ ಲ್ಯಾಬಿನ ಬೀರುವಿನಲ್ಲಿವೆ, ಯಾರಿಗಾದರೂ ಬೇಕಾದರೆ ಕೊಡುತ್ತೇನೆ.

ಕೊನೆಗೆ ಕೈಹಿಡಿದಿದ್ದು ಗುಜರಿಯ ಸೀಲಿಂಗ್ ಫ್ಯಾನ್. ಕೆಪಾಸಿಟರ್ ಹೋಗಿರುವ ಫ್ಯಾನೇ ಬೇಕು ಅಂತ ಆರಿಸಿ ತರುತ್ತೇನೆ. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಕೋಲಿನಿಂದ ರೆಕ್ಕೆ ತಳ್ಳಿದರೆ ನಿಧಾನಕ್ಕೆ ತಿರುಗುತ್ತದೆ. 'ಇದರ ಜೊತೆ ಇದ್ದು ನೋಡಿ' ಅಂತ ಹೇಳಿ ಪಕ್ಕದಲ್ಲಿ ಪೇಪರ್ ಓದುತ್ತಾ ಕೂರುತ್ತೇನೆ. ಮೈನ್ ಆಫ್ ಮಾಡದೆ ವೈರ್ ಮುಟ್ಟುವ ಹಾಗಿಲ್ಲ. ಅದೊಂದು ಬಿಟ್ಟರೆ ಬೇರೇನೂ ಹೇಳುವುದಿಲ್ಲ.

ಒಬ್ಬ ಹುಡುಗ ಅರ್ಧ ಗಂಟೆಯಲ್ಲಿ ಮೊಬೈಲಿನಲ್ಲಿ ಹುಡುಕಿ, ಅಂಗಡಿಗೆ ಹೋಗಿ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್ ತಂದು ಹಾಕಿ, ಫ್ಯಾನ್ ತಿರುಗಿಸಿ ಕೈ ತೊಳೆದುಕೊಂಡ. ಐವತ್ತು ರೂಪಾಯಿ ಒಳಗೇ ಮುಗಿಸಿದ. ಇನ್ನೊಬ್ಬಳು ಸಂಜೆ ತನಕ ರಿಪೇರಿನೇ ಮಾಡಲಿಲ್ಲ. ರೆಕ್ಕೆಯನ್ನು ಉಲ್ಟಾ ದಿಕ್ಕಿಗೆ ತಳ್ಳಿ ನೋಡಿದಳು. ಫ್ಯಾನ್ ಉಲ್ಟಾ ತಿರುಗಿತು! 'ಸಾರ್, ಇದಕ್ಕೆ ಯಾವ ಕಡೆ ಹೋಗಬೇಕು ಅಂತಾನೇ ಗೊತ್ತಿಲ್ಲ, ಅಲ್ವಾ?' ಅಂದಳು. ಮನೆ ಕರೆಂಟಿನ ಸಿಂಗಲ್ ಫೇಸ್ ಮೋಟಾರಿಗೆ ತಾನಾಗಿ ಶುರುವಾಗುವ ಬಲ ಇಲ್ಲ, ಆ ದಿಕ್ಕು ಕೊಡುವುದೇ ಕೆಪಾಸಿಟರ್ ಮತ್ತು ಎರಡನೇ ವೈಂಡಿಂಗ್ (ತಂತಿ ಸುರುಳಿ) ಅಂತ ಮಾರನೇ ದಿನ ತಾನೇ ಓದಿಕೊಂಡು ಬಂದಳು. ಅವಳ ರ್‍ಯಾಂಕ್ ಆ ಹುಡುಗನಿಗಿಂತ ಎಷ್ಟೋ ಹಿಂದೆ.

ಇಬ್ಬರೂ ಜಾಣರೇ. ಆದರೆ ಇಂಜಿನಿಯರಿಂಗ್ ಸೇರು ಅಂತ ನಾನು ಹೇಳಿದ್ದು ಅವಳಿಗೆ. ಹುಡುಗನಿಗೆ ಡಿಪ್ಲೊಮಾ ಹೇಳಿದೆ. ಪಿಯು ಸೈನ್ಸ್ ಆದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೇ ನೇರ ಸೇರುವ ಲ್ಯಾಟರಲ್ ಎಂಟ್ರಿ ಇದೆ, ಆಮೇಲೆ ಬೇಕೆನಿಸಿದರೆ ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದು ಇಂಜಿನಿಯರಿಂಗಿಗೂ ಹೋಗಬಹುದು. ಅವರಪ್ಪ ನನ್ನ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ಈಗ ಮಗ ಪಂಪ್ ಕಂಪನಿಯಲ್ಲಿ ಸರ್ವಿಸ್ ಮಾಡುತ್ತಿದ್ದಾನೆ. ಅವನ ತಂಗಿಯ ವಿಷಯಕ್ಕೆ ಅವರೇ ಮನೆಗೆ ಬಂದು ಕೇಳಿದರು. ಹುಡುಗಿ ಎಲೆಕ್ಟ್ರಿಕಲ್ ತಗೊಂಡಳು, ಇವತ್ತಿನ ತನಕ ಒಂದು ಸಬ್ಜೆಕ್ಟೂ ಬಾಕಿ ಇಲ್ಲ.

ಫ್ಯಾನ್ ಆದ ಮೇಲೆ ಗಣಿತ. ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಮೊದಲ ಸೆಮಿಸ್ಟರಿನ ಪೋಲಾರ್ ಕರ್ವ್ಸ್, ಅಂದರೆ ದೂರ ಮತ್ತು ಕೋನದಿಂದ ಬರೆಯುವ ವಕ್ರರೇಖೆಗಳ, ಭಾಗ ಕೊಡುತ್ತೇನೆ, ಪಾಠ ಮಾಡುವುದಿಲ್ಲ. ಪುಸ್ತಕ ಕೊಟ್ಟು ಮನೆಗೆ ಕಳಿಸುತ್ತೇನೆ. ನಾನು ನೋಡುವುದು ರಫ್ ನೋಟ್ಸ್ ಮಾತ್ರ. ಹೊಡೆದು ಹಾಕಿದ ಗೆರೆಗಳು ಎಷ್ಟಿವೆ, ಎರಡನೇ ದಿನ ಅದೇ ಲೆಕ್ಕಕ್ಕೆ ವಾಪಸ್ ಬಂದಿದ್ದಾನಾ? ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಇಂಗ್ಲಿಷ್ ಮೊದಲ ವರ್ಷ ಕಾಡುತ್ತದೆ ನಿಜ, ಆದರೆ ಅದು ಹೋಗುತ್ತದೆ. ಲೆಕ್ಕ ಕಂಡರೆ ಬೇಜಾರು ಅನ್ನುವುದು ಹೋಗುವುದಿಲ್ಲ.

'ನಂಗೆ ಸಿಎಸ್ಸೇ (ಕಂಪ್ಯೂಟರ್ ಸೈನ್ಸೇ) ಬೇಕು' ಅನ್ನುವವರಿಗೆ ಬೇರೆ ಒಂದು ಪ್ರಯೋಗ ಮಾಡಿದೆ. ಊರಿನ ಡೈರಿಯ ಹಾಲಿನ ಲೆಕ್ಕ. ಫ್ಯಾಟ್, ಎಸ್‌ಎನ್‌ಎಫ್ (ಹಾಲಿನ ಕೊಬ್ಬು, ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ರೇಟ್ ಹಾಕಬೇಕು, ವಾರದ ಬಿಲ್ ಬರಬೇಕು. ಎಕ್ಸೆಲ್ ಆಗಲಿ, ಪೈಥಾನ್ ಆಗಲಿ. ಒಂದೇ ನಂಬರ್ ಎರಡು ಸಲ ಬಿದ್ದಿದ್ದು, ಫ್ಯಾಟ್ ಕಾಲಂ ಖಾಲಿ ಇದ್ದದ್ದು, ಇಂಥ ತರಲೆಗಳನ್ನು ನಾನೇ ಸೇರಿಸಿರುತ್ತೇನೆ. ತುಂಬಾ ಜನ ಮೊತ್ತ ಬಂದ ತಕ್ಷಣ ಎದ್ದು ಬಿಡುತ್ತಾರೆ. ಕೂತು ಹುಡುಕಿದ ಒಬ್ಬ ಹುಡುಗ ನಾನು ಸೇರಿಸದೇ ಇದ್ದ ಒಂದು ತಪ್ಪನ್ನೂ ಹಿಡಿದ. ಡೈರಿ ಸೆಕ್ರೆಟರಿ ಅವನಿಗೆ ಕಾಫಿ ಕೊಡಿಸಿದರು.

ಕಡೆಗೆ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ದುಡ್ಡಿನ ಲೆಕ್ಕ. ಖಾಸಗಿ ಕಾಲೇಜಿನ ಸಿಇಟಿ ಸೀಟು, ಹಾಸ್ಟೆಲ್, ಊಟ, ಓಡಾಟ ಎಲ್ಲ ಸೇರಿ ನಾಲ್ಕು ವರ್ಷಕ್ಕೆ ಎಂಟು ಲಕ್ಷದ ಹತ್ತಿರ ಹೋಗುತ್ತದೆ. ಮ್ಯಾನೇಜ್‌ಮೆಂಟ್ ಸೀಟಿನ ಮಾತೇ ಬೇರೆ. ಅಷ್ಟನ್ನೂ ಸಾಲ ಮಾಡಿದರೆ, ಓದುವಾಗಿನ ಬಡ್ಡಿ ಸೇರಿ, ಹತ್ತು ವರ್ಷ ತಿಂಗಳಿಗೆ 12–13 ಸಾವಿರ ಕಂತು. ಮೊದಲ ಸಂಬಳ 20 ಸಾವಿರ ಅಂತ ಹಿಡಿದು ಹುಡುಗನ ಕೈಯಲ್ಲೇ ಬರೆಸುತ್ತೇನೆ. ಆದಾಯ ಕಮ್ಮಿ ಇರುವ ಮನೆಯವರಿಗೆ ಎಸ್‌ಎನ್‌ಕ್ಯೂ ಕೋಟಾ (ಅಂಥವರಿಗೇ ಇಟ್ಟಿರುವ ಹೆಚ್ಚುವರಿ ಸೀಟು) ನೋಡಿ ಅನ್ನುತ್ತೇನೆ, ಅದರಲ್ಲಿ ಟ್ಯೂಷನ್ ಫೀಸ್ ಮಾಫಿ. ಇಷ್ಟು ವರ್ಷದಲ್ಲಿ ಬಂದವರಲ್ಲಿ ಮೂರರಲ್ಲಿ ಒಬ್ಬರಾದರೂ ಬಿಎಸ್ಸಿ, ಡಿಪ್ಲೊಮಾ ಅಂತ ಬೇರೆ ದಾರಿ ಹಿಡಿದಿದ್ದಾರೆ.

ಕೊನೇ ದಿನ ಒಬ್ಬೊಬ್ಬರನ್ನೇ ಕರೆದು ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಬ್ಯಾಚ್ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತದೆ. ಫ್ಯಾನ್ ಆರಿಸುವಾಗ ಮಾತ್ರ ಬೇರಿಂಗ್ ನೋಡಿಕೊಳ್ಳಿ. ಬಿಗಿಯಾಗಿದ್ದರೆ ತಳ್ಳಿದರೂ ತಿರುಗುವುದಿಲ್ಲ, ಮಕ್ಕಳು ಸುಮ್ನೆ ದಾರಿ ತಪ್ಪುತ್ತಾರೆ.