ಮೀನಿಗಿಂತ ಮೊದಲು ಫಿಲ್ಟರ್: ಆಫ್ರಿಕನ್ ಸಿಕ್ಲಿಡ್ ತೊಟ್ಟಿ ಸಿದ್ಧಪಡಿಸುವ ಕ್ರಮ

ಬಣ್ಣದಲ್ಲಿ ಸಮುದ್ರದ ಮೀನುಗಳಿಗೆ ಸರಿಸಾಟಿಯಾಗಿದ್ದರೂ ಸಿಹಿನೀರಿನಲ್ಲೇ ಬದುಕುವ ಆಫ್ರಿಕನ್ ಸಿಕ್ಲಿಡ್‌ಗಳನ್ನು ಸಾಕಲು ಹೊರಟವರಲ್ಲಿ ಹಲವರು ತೊಟ್ಟಿಯನ್ನೂ ಮೀನನ್ನೂ ಒಂದೇ ದಿನ ಮನೆಗೆ ತರುತ್ತಾರೆ. ಮೊದಲ ಕೆಲವು ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಮೀನುಗಳು ನೀರಿನ ಮೇಲ್ಮೈಗೆ ಬಂದು ಏದುಸಿರು ಬಿಡತೊಡಗುತ್ತವೆ, ಅವುಗಳ ಕಿವಿರು ಕೆಂಪೇರುತ್ತದೆ, ಗಾಬರಿಗೊಂಡ ಮಾಲೀಕರು ಔಷಧಿಯ ಬಾಟಲಿ ತಂದು ಸುರಿಯುತ್ತಾರೆ. ಅಲ್ಲಿ ಹೆಚ್ಚಿನ ಸಲ ರೋಗವೇ ಇರುವುದಿಲ್ಲ. ಇರುವುದು ಇನ್ನೂ ಸಿದ್ಧವಾಗದ ಫಿಲ್ಟರ್ ಮಾತ್ರ.

ಇಲ್ಲಿ ಹೇಳುವ ಕ್ರಮ ಮಲಾವಿ ಸರೋವರದ ಬಂಡೆಗಳ ನಡುವೆ ಬದುಕುವ ಎಂಬುನಾ ಗುಂಪಿನ ಮೀನುಗಳಿಗೆ ಸಂಬಂಧಿಸಿದ್ದು. ಟ್ಯಾಂಗನಿಕಾ ಮತ್ತು ವಿಕ್ಟೋರಿಯಾ ಸರೋವರಗಳ ಸಿಕ್ಲಿಡ್‌ಗಳ ಆಹಾರವೂ ಸ್ವಭಾವವೂ ಬೇರೆಯಾದ್ದರಿಂದ, ಮೂರೂ ಸರೋವರಗಳ ಮೀನುಗಳನ್ನು ಒಂದೇ ತೊಟ್ಟಿಗೆ ತುಂಬುವುದನ್ನು ನಾನು ಒಪ್ಪುವುದಿಲ್ಲ.

1. ತೊಟ್ಟಿ ಮತ್ತು ಕಲ್ಲು

ತೊಟ್ಟಿ ನಾಲ್ಕು ಅಡಿ ಉದ್ದವಿದ್ದು, 200 ಲೀಟರಿಗೆ ಕಡಿಮೆಯಿಲ್ಲದಷ್ಟು ನೀರು ಹಿಡಿಯುವಂತಿರಬೇಕು. ಈ ಮೀನುಗಳಿಗೆ ಎತ್ತರಕ್ಕಿಂತ ಉದ್ದ ಮುಖ್ಯ, ಏಕೆಂದರೆ ಅಟ್ಟಿಸಿಕೊಂಡು ಬಂದ ಗಂಡಿನಿಂದ ತಪ್ಪಿಸಿಕೊಂಡು ಓಡಲು ದಾರಿ ಬೇಕು. ಕಲ್ಲುಗಳನ್ನು ಮರಳಿನ ಮೇಲಲ್ಲ, ಮರಳು ಹಾಕುವ ಮೊದಲೇ ತಳದ ಮೇಲೆ ತೆಳುವಾದ ಫೋಮ್ ಹಾಸಿ ಕೂರಿಸಬೇಕು. ಎಂಬುನಾ ಮೀನುಗಳು ಮರಳನ್ನು ಬಾಯಲ್ಲಿ ತುಂಬಿಕೊಂಡು ಸದಾ ಅಗೆಯುತ್ತವೆ. ಮರಳಿನ ಮೇಲೆ ನಿಂತ ಕಲ್ಲು ಒಂದಲ್ಲ ಒಂದು ದಿನ ಜಾರಿ ಗಾಜನ್ನು ಒಡೆಯುತ್ತದೆ. ಕಲ್ಲಿನ ರಾಶಿಯಲ್ಲಿ ಮೀನು ನುಸುಳುವಷ್ಟು ಸಂದುಗಳು ಹೇರಳವಾಗಿರಲಿ. ಗಿಡ ಬೇಕೇಬೇಕೆನ್ನುವವರು ಕಲ್ಲಿಗೆ ಅಂಟಿ ಬೆಳೆಯುವ ಅನೂಬಿಯಾಸ್ ಹಚ್ಚಬಹುದು, ಉಳಿದವುಗಳಲ್ಲಿ ಬಹಳಷ್ಟನ್ನು ಮೀನುಗಳು ಕಿತ್ತು ತಿನ್ನುತ್ತವೆ.

2. ನೀರು

ಮಲಾವಿಯ ನೀರು ಕ್ಷಾರೀಯವಾದದ್ದು. ತೊಟ್ಟಿಯಲ್ಲಿ ಆಮ್ಲ-ಕ್ಷಾರ ಗುಣದ ಅಳತೆಯಾದ ಪಿಎಚ್ 7.8ರಿಂದ 8.6ರ ನಡುವೆ, ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಅದಕ್ಕಿಂತ ಮುಖ್ಯವಾದದ್ದು ಅದು ದಿನದಿಂದ ದಿನಕ್ಕೆ ಏರಿಳಿಯದಿರುವುದು. ನಲ್ಲಿಯ ನೀರು ಗಡಸಾಗಿದ್ದರೆ ಏನನ್ನೂ ಸೇರಿಸಬೇಕಾಗಿಲ್ಲ. ಮೆದುವಾಗಿದ್ದರೆ ಹವಳದ ಚೂರುಗಳನ್ನು ಬಲೆಚೀಲದಲ್ಲಿ ತುಂಬಿ ಫಿಲ್ಟರ್‌ನೊಳಗೆ ಇಡಬೇಕು. ಸಾಲದಿದ್ದರೆ, ಬದಲಿಸುವ ಹೊಸ ನೀರಿಗೆ 40 ಲೀಟರಿಗೆ ಒಂದು ಟೀ ಚಮಚದಂತೆ ಅಡುಗೆ ಸೋಡಾ ಕರಗಿಸಿ ಹಾಕಬಹುದು. ಪಿಎಚ್ ಏರಿಸುವುದಾಗಿ ಹೇಳಿಕೊಳ್ಳುವ ಹನಿ ಬಾಟಲಿಗಳನ್ನು ಕೊಳ್ಳದಿರುವುದು ಲೇಸು: ಅವು ಅಂಕಿಯನ್ನು ಒಂದು ದಿನ ಮೇಲೆತ್ತುತ್ತವೆ, ಮರುದಿನ ಅದು ಮತ್ತೆ ಕುಸಿಯುತ್ತದೆ, ಆ ಏರಿಳಿತವೇ ಮೀನಿಗೆ ಹೆಚ್ಚು ಹಾನಿ ಮಾಡುತ್ತದೆ. ನಲ್ಲಿ ನೀರಿನಲ್ಲಿರುವ ಕ್ಲೋರಿನ್ ತೆಗೆಯುವ ದ್ರಾವಣವನ್ನು ಮಾತ್ರ ಎಂದೂ ಮರೆಯಬಾರದು.

3. ಫಿಲ್ಟರ್ ಮಾಗಿಸುವುದು

ಎಲ್ಲರೂ ಎಡವುವ ಹಂತ ಇದು. ಮೀನಿನ ಕಿವಿರು, ಹಿಕ್ಕೆ ಮತ್ತು ಉಳಿದ ಆಹಾರದಿಂದ ಅಮೋನಿಯಾ ನೀರಿಗೆ ಸೇರುತ್ತಲೇ ಇರುತ್ತದೆ. ಫಿಲ್ಟರ್‌ನ ಸ್ಪಂಜಿನಲ್ಲಿ ನೆಲೆಗೊಳ್ಳುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ ಇನ್ನೊಂದು ಬಗೆಯದು ಆ ನೈಟ್ರೈಟನ್ನು ಅಷ್ಟೇನೂ ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಅಂಗಡಿಯಿಂದ ತಂದ ಹೊಸ ಫಿಲ್ಟರ್‌ನಲ್ಲಿ ಇವೆರಡೂ ಇರುವುದಿಲ್ಲ.

ಸಿಕ್ಲಿಡ್ ತೊಟ್ಟಿಯಲ್ಲಿ ಈ ಕೊರತೆ ಇನ್ನಷ್ಟು ದುಬಾರಿಯಾಗುವುದಕ್ಕೆ ಕಾರಣ ನೀರಿನ ಕ್ಷಾರತೆಯೇ. ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಅದರಲ್ಲಿ ವಿಷಕಾರಿ ರೂಪದ ಪಾಲು 25 ಡಿಗ್ರಿ ಉಷ್ಣತೆಯಲ್ಲಿ, ಪಿಎಚ್ 7 ಇದ್ದಾಗ ಶೇ 1ಕ್ಕಿಂತ ಕಡಿಮೆ, 8 ಇದ್ದಾಗ ಸುಮಾರು ಶೇ 5, 8.5 ತಲುಪಿದಾಗ ಶೇ 15ರ ಆಸುಪಾಸು. ಬೇರೆ ಮೀನುಗಳ ತೊಟ್ಟಿಯಲ್ಲಿ ಹೇಗೋ ದಾಟಿಹೋಗುವ ಅಮೋನಿಯಾ ಇಲ್ಲಿ ಮೀನನ್ನು ಕೊಲ್ಲುವುದು ಇದರಿಂದಲೇ. ಗಟ್ಟಿಮುಟ್ಟಾದ ಒಂದೆರಡು ಮೀನು ಬಿಟ್ಟು ನೋಡೋಣ ಎಂಬ ಹಳೆಯ ಸಲಹೆಯನ್ನು ಇಲ್ಲಿ ಪಾಲಿಸಲೇಬಾರದು.

ಮೀನಿಲ್ಲದ ತೊಟ್ಟಿಯಲ್ಲಿ ಫಿಲ್ಟರ್, ಹೀಟರ್ ಎರಡನ್ನೂ ಹಗಲಿರುಳು ಓಡಿಸುತ್ತ, ಉಷ್ಣತೆಯನ್ನು 27 ಡಿಗ್ರಿಯ ಹತ್ತಿರ ಇಟ್ಟು, ಪರಿಮಳವಾಗಲಿ ಸಾಬೂನಾಗಲಿ ಬೆರೆಸದ ಅಮೋನಿಯಾ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ, ಟೆಸ್ಟ್ ಕಿಟ್ ಲೀಟರಿಗೆ 2 ಮಿಲಿಗ್ರಾಂ ತೋರಿಸಿದಾಗ ನಿಲ್ಲಿಸಬೇಕು. ಬಾಟಲಿ ಕುಲುಕಿದಾಗ ನೊರೆ ಎದ್ದು ನಿಂತರೆ ಅದರಲ್ಲಿ ಸಾಬೂನಿನ ಅಂಶವಿದೆ ಎಂದರ್ಥ, ಅದು ಬೇಡ. ಕಾಗದದ ಪಟ್ಟಿಯ ಕಿಟ್‌ಗಿಂತ ಹನಿ ಹಾಕಿ ಬಣ್ಣ ನೋಡುವ ಕಿಟ್ ಹೆಚ್ಚು ನಂಬಿಕೆಗೆ ಅರ್ಹ. ಎರಡು ದಿನಕ್ಕೊಮ್ಮೆ ಅಳೆಯುತ್ತ ಹೋದಂತೆ ಅಮೋನಿಯಾ ಇಳಿಯತೊಡಗುತ್ತದೆ, ನೈಟ್ರೈಟ್ ಏರುತ್ತದೆ. ಅಮೋನಿಯಾ ಸೊನ್ನೆಗೆ ಬಂದ ಸಂಭ್ರಮದಲ್ಲಿ ಮೀನು ತರಲು ಓಡುವವರು ಕೆಡುವುದು ಇಲ್ಲೇ, ಏಕೆಂದರೆ ನೈಟ್ರೈಟ್ ಕೂಡ ವಿಷ. ಅದು ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕುಂದಿಸುತ್ತದೆ. ಎರಡನೆಯ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವುದರಿಂದ ನೈಟ್ರೈಟಿನ ಏರು ವಾರಗಟ್ಟಲೆ ಹಾಗೆಯೇ ನಿಂತಂತೆ ತೋರುತ್ತದೆ. ಅದು ಕಿಟ್‌ನ ಕೊನೆಯ ಬಣ್ಣವನ್ನೂ ಮೀರಿದರೆ ಅರ್ಧ ನೀರು ಬದಲಿಸಿ, ಅಮೋನಿಯಾವನ್ನು ಮತ್ತೆ 2 ಮಿಲಿಗ್ರಾಮಿಗೆ ತಂದು ಕಾಯಬೇಕು.

2 ಮಿಲಿಗ್ರಾಂ ಅಮೋನಿಯಾ ಹಾಕಿದ 24 ಗಂಟೆಗಳಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಮಾತ್ರ ಉಳಿದರೆ ಫಿಲ್ಟರ್ ಸಿದ್ಧವಾಯಿತು. ಇದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಕೆಲವೊಮ್ಮೆ ಕೆಲಸ ಮಾಡುತ್ತದೆ, ಎಷ್ಟೋ ಸಲ ಮಾಡುವುದಿಲ್ಲ. ನಂಬಬಹುದಾದ ಅಡ್ಡದಾರಿ ಒಂದೇ, ಆರೋಗ್ಯವಂತ ಮೀನುಗಳಿರುವ ಹಳೆಯ ತೊಟ್ಟಿಯಿಂದ ಬಳಸಿದ ಸ್ಪಂಜಿನ ತುಂಡನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರ್‌ಗೆ ಸೇರಿಸುವುದು. ಆಗಲೂ ಕಿಟ್ ಹೇಳುವವರೆಗೆ ಮೀನು ತರಬಾರದು. ತರುವ ಹಿಂದಿನ ದಿನ ಮುಕ್ಕಾಲು ಪಾಲು ನೀರು ಬದಲಿಸಿ, ಕೂಡಿಬಿದ್ದ ನೈಟ್ರೇಟನ್ನು ಹೊರಹಾಕಬೇಕು.

4. ಮೀನು

ಹೊಸಬರಿಗೆ ನನ್ನ ಮೊದಲ ಶಿಫಾರಸು ಹಳದಿ ಲ್ಯಾಬಿಡೋಕ್ರೋಮಿಸ್. ಎಂಬುನಾಗಳಲ್ಲಿ ಇಷ್ಟು ಸೌಮ್ಯವಾದದ್ದು ಕಡಿಮೆ. ಎಳೆಯದಿದ್ದಾಗ ಹಳದಿ ಮೈಮೇಲೆ ಕಪ್ಪು ಪಟ್ಟೆಗಳಿಂದ ಮನಸೆಳೆಯುವ ಮೆಲನೋಕ್ರೋಮಿಸ್ ಔರಾಟಸ್ ಬೇಡವೇ ಬೇಡ, ಬೆಳೆದ ಗಂಡು ತೊಟ್ಟಿಯನ್ನೆಲ್ಲ ತನ್ನದೆಂದು ಭಾವಿಸುತ್ತದೆ. ಹೆಸರಿಲ್ಲದೆ ‘ಮಿಶ್ರ ಸಿಕ್ಲಿಡ್’ ಎಂದು ಮಾರುವ ತೊಟ್ಟಿಯಿಂದ ಕೊಳ್ಳಬೇಡಿ. ಅವುಗಳಲ್ಲಿ ಬೆರಕೆ ತಳಿಗಳೇ ಹೆಚ್ಚು. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಲಿ. ಒಂದೊಂದಾಗಿ ತರದೆ ಹನ್ನೆರಡರಷ್ಟು ಮರಿಗಳನ್ನು ಒಟ್ಟಿಗೇ ಬಿಟ್ಟರೆ ಕಾದಾಟ ಒಂದೇ ಮೀನಿನ ಮೇಲೆ ಬೀಳದೆ ಹಂಚಿಹೋಗುತ್ತದೆ. ಮುಂದೆ ಹೊಸ ಮೀನು ಸೇರಿಸುವಾಗ ಕಲ್ಲುಗಳ ಜೋಡಣೆಯನ್ನು ಬದಲಿಸಿ ದೀಪ ಆರಿಸಬೇಕು.

5. ಆಹಾರ

ಸರೋವರದಲ್ಲಿ ಎಂಬುನಾಗಳಲ್ಲಿ ಹೆಚ್ಚಿನವು ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತವೆ, ಅವುಗಳ ಕರುಳು ಉದ್ದ. ಸ್ಪಿರುಲಿನಾ ಎಂಬ ಪಾಚಿ ಬೆರೆತ ಮೀನಿನ ಆಹಾರದ ಕಾಳನ್ನು ದಿನಕ್ಕೆ ಎರಡು ಬಾರಿ, ಒಂದು ನಿಮಿಷದಲ್ಲಿ ಮುಗಿಯುವಷ್ಟೇ ಹಾಕಬೇಕು. ಮಾಂಸ ಮತ್ತು ಕೆಂಪು ಹುಳುಗಳನ್ನು ಹಾಕಬೇಡಿ: ಹೊಟ್ಟೆ ಉಬ್ಬಿ, ಬಿಳಿ ದಾರದಂಥ ಹಿಕ್ಕೆ ಹಾಕಿ, ಆಹಾರ ಬಿಟ್ಟು ಸಾಯುವ ‘ಮಲಾವಿ ಬ್ಲೋಟ್’ಗೆ ಇಂಥ ಆಹಾರವೂ ಒಂದು ಕಾರಣವೆಂದು ಅನುಭವಿಗಳು ಭಾವಿಸುತ್ತಾರೆ. ಆದರೆ ಗಂಟಲು ಊದಿಕೊಂಡು ತಿನ್ನುವುದನ್ನು ಬಿಟ್ಟ ಹೆಣ್ಣಿಗೆ ಔಷಧಿ ಕೊಡುವ ಮೊದಲು ಅದರ ಬಾಯನ್ನು ಗಮನಿಸಿ. ಅದು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡಿರಬಹುದು, ಸುಮಾರು ಮೂರು ವಾರಗಳ ನಂತರ ಮರಿಗಳನ್ನು ಹೊರಬಿಡುತ್ತದೆ.

6. ವಾರದ ಆರೈಕೆ

ವಾರಕ್ಕೊಮ್ಮೆ ಮೂರನೇ ಒಂದು ಭಾಗದಿಂದ ಅರ್ಧದಷ್ಟು ನೀರನ್ನು, ಕ್ಲೋರಿನ್ ತೆಗೆದ ಅದೇ ಉಷ್ಣತೆಯ ನೀರಿನಿಂದ ಬದಲಿಸಬೇಕು. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ಮೀರುತ್ತಿದ್ದರೆ ಬದಲಿಸುವ ಪ್ರಮಾಣ ಹೆಚ್ಚಲಿ. ಫಿಲ್ಟರ್‌ನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆದರೆ ಕ್ಲೋರಿನ್ ತಗುಲಿ ವಾರಗಟ್ಟಲೆ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಸಾಯುತ್ತದೆ. ತೊಟ್ಟಿಯಿಂದ ತೆಗೆದ ಹಳೆಯ ನೀರನ್ನೇ ಬಕೆಟ್ಟಿನಲ್ಲಿ ಹಿಡಿದು ಅದರಲ್ಲಿ ಹಿಂಡಬೇಕು. ಹೊರಗೆ ಇಡುವ ಮುಚ್ಚಿದ ಫಿಲ್ಟರ್ ವಿದ್ಯುತ್ ಹೋಗಿ ಹಲವು ಗಂಟೆ ನಿಂತಿದ್ದರೆ, ಒಳಗೆ ಕೊಳೆತ ನೀರನ್ನು ಚೆಲ್ಲಿ, ಸ್ಪಂಜನ್ನು ಹಿಂಡಿದ ಮೇಲಷ್ಟೇ ಮತ್ತೆ ಚಾಲೂ ಮಾಡಬೇಕು, ಇಲ್ಲವಾದರೆ ಆ ಕೊಳೆಯೆಲ್ಲ ಒಮ್ಮೆಗೇ ತೊಟ್ಟಿಗೆ ನುಗ್ಗುತ್ತದೆ.