ಮುಟ್ಟಿನ ಮುನ್ಸೂಚನೆಯೋ, ಬಸಿರಿನ ಗುರುತೋ? ತಿಳಿಯುವುದು ಹೀಗೆ

ಡೇಟ್ ಹತ್ತಿರ ಬಂದಿದೆ. ಎದೆ ಬಿಗಿದಿದೆ, ಸೊಂಟ ನೋಯುತ್ತಿದೆ, ಸುಮ್‌ಸುಮ್ನೆ ಅಳು ಬರುತ್ತಿದೆ. ಪ್ರತಿ ತಿಂಗಳೂ ಇರುವುದೇ, ಆದರೆ ಈ ಸಲ ಯಾಕೋ ಸ್ವಲ್ಪ ಜಾಸ್ತಿ. ಮಗು ಬೇಕೆನ್ನುವವರಿಗೆ ಆಸೆ ಹುಟ್ಟುತ್ತದೆ, ಈಗಲೇ ಬೇಡ ಎನ್ನುವವರಿಗೆ ದಿಗಿಲು.

ನೇರವಾಗಿ ಹೇಳಿಬಿಡುತ್ತೇನೆ: ಮುಟ್ಟಿನ ದಿನ ಬರುವ ಮೊದಲು ಬರೀ ಮೈಯ ಲಕ್ಷಣ ನೋಡಿ ಇದನ್ನು ಹೇಳಲಾಗದು. ಎರಡರ ಹಿಂದೆಯೂ ಇರುವುದು ಒಂದೇ ಹಾರ್ಮೋನು, ಪ್ರೊಜೆಸ್ಟರಾನ್. ಅಂಡ ಬಿಡುಗಡೆಯಾದ ಮೇಲೆ ಗರ್ಭ ನಿಂತಿರಲಿ, ಬಿಡಲಿ, ಅದು ಏರಿಯೇ ಏರುತ್ತದೆ. ಎದೆನೋವು, ಹೊಟ್ಟೆ ಉಬ್ಬರ, ಮಲಬದ್ಧತೆ, ಸುಸ್ತು ಎಲ್ಲದರಲ್ಲೂ ಅದರ ಕೈವಾಡವಿದೆ. ಗರ್ಭ ನಿಲ್ಲದಿದ್ದರೆ ಅದು ಇಳಿದು ಮುಟ್ಟಾಗುತ್ತದೆ. ನಿಂತರೆ ಇಳಿಯುವುದಿಲ್ಲ. ವ್ಯತ್ಯಾಸ ಕಾಣಿಸತೊಡಗುವುದೇ ಆಗ.

ಮೊದಲು ದಿನ ಎಣಿಸಿ

ಕಳೆದ ಮುಟ್ಟಿನ ಮೊದಲ ದಿನವನ್ನು ಬರೆದುಕೊಳ್ಳಿ. ಅಂಡ ಬಿಡುಗಡೆಯಾಗುವುದು ಹೆಚ್ಚುಕಡಿಮೆ ಮುಂದಿನ ಮುಟ್ಟಿಗೆ 14 ದಿನ ಮುಂಚೆ. ಇದನ್ನು ಕಳೆದ ಮುಟ್ಟಾದ 14ನೇ ದಿನ ಎಂದು ತಿಳಿದುಕೊಂಡು ಲೆಕ್ಕ ತಪ್ಪುವವರು ಬಹಳ ಮಂದಿ. 32 ದಿನದ ಚಕ್ರವಿದ್ದರೆ ಅದು 18ನೇ ದಿನದ ಆಸುಪಾಸು. ಅಲ್ಲಿಂದ 6ರಿಂದ 12 ದಿನಗಳಲ್ಲಿ ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ. ಬಸಿರಿನ ಹಾರ್ಮೋನಾದ ಎಚ್‌ಸಿಜಿ ರಕ್ತಕ್ಕೆ ಸೇರತೊಡಗುವುದು ಆಮೇಲೆ. ಹಾಗಾಗಿ ಗಂಡ ಹೆಂಡತಿ ಸೇರಿದ ಮೂರನೇ ದಿನಕ್ಕೇ ವಾಕರಿಕೆ ಬಂದರೆ ಅದಕ್ಕೆ ಬೇರೆ ಕಾರಣ ಹುಡುಕಿ.

ನಿಮ್ಮ ಮೈಯನ್ನು ನಿಮ್ಮ ಮೈಯ ಜೊತೆಗೇ ಹೋಲಿಸಿ

ಅಕ್ಕನಿಗೆ ಹೀಗಾಗಿತ್ತು, ಗೆಳತಿಗೆ ಹಾಗಾಗಿತ್ತು ಎನ್ನುವುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹಿಂದಿನ ಎರಡು ಮೂರು ತಿಂಗಳು ನಿಮಗೆ ಏನೇನಾಗಿತ್ತು, ಯಾವಾಗ ಶುರುವಾಗಿ ಯಾವಾಗ ಹೋಯಿತು ಎಂಬುದನ್ನು ನೆನಪು ಮಾಡಿಕೊಳ್ಳಿ. ಮುಟ್ಟಿನ ಮುಂಚಿನ ಕಿರಿಕಿರಿ, ಸಿಡುಕು, ಎದೆನೋವು ಸಾಮಾನ್ಯವಾಗಿ ಮುಟ್ಟು ಶುರುವಾದ ಕೆಲವೇ ದಿನಗಳಲ್ಲಿ ಇಳಿದುಬಿಡುತ್ತವೆ. ಡೇಟ್ ದಾಟಿದರೂ ಎದೆ ಬಿಗಿತ ಇಳಿಯುತ್ತಿಲ್ಲ, ಸುಸ್ತು ಏರುತ್ತಲೇ ಇದೆ ಎಂದರೆ ಬಸಿರಿನ ಅನುಮಾನಕ್ಕೆ ಜಾಗವಿದೆ.

ವಾಕರಿಕೆ ಮುಟ್ಟಿನ ಮುಂಚೆಯೂ ಕೆಲವರಿಗೆ ಬರುತ್ತದೆ. ಬಸಿರಿನದಾದರೆ ಹೆಚ್ಚಿನವರಿಗೆ ಡೇಟ್ ತಪ್ಪಿದ ಮೇಲೆಯೇ ಶುರು. ಬೆಳಗ್ಗೆ ಮಾತ್ರ ಅಂತೇನಿಲ್ಲ, ಸಂಜೆಯೂ ಕಾಡಬಹುದು. ಪದೇ ಪದೇ ಮೂತ್ರಕ್ಕೆ ಹೋಗುವುದು, ಮೊಲೆತೊಟ್ಟಿನ ಸುತ್ತ ಕಪ್ಪಾಗುವುದು ಇನ್ನೂ ತಡ. ಮನಸ್ಸಿನ ಏರುಪೇರಂತೂ ಎರಡರಲ್ಲೂ ಇದೆ, ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ.

ರಕ್ತವನ್ನು ಸರಿಯಾಗಿ ನೋಡಿ

ಭ್ರೂಣ ಅಂಟಿಕೊಳ್ಳುವ ಹೊತ್ತಿಗೆ ಕೆಲವರಿಗೆ, ಎಲ್ಲರಿಗೂ ಅಲ್ಲ, ಒಂಚೂರು ರಕ್ತ ಕಾಣಿಸುತ್ತದೆ. ತಿಳಿ ಗುಲಾಬಿ ಅಥವಾ ಕಂದು ಬಣ್ಣದ ಕಲೆ, ಒರೆಸಿಕೊಂಡಾಗ ಗೊತ್ತಾಗುವಷ್ಟು. ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಮುಟ್ಟಾದರೆ ದಿನ ಹೋದಂತೆ ಕೆಂಪು ಗಾಢವಾಗಿ ಪ್ಯಾಡ್ ಬದಲಿಸಲೇಬೇಕಾಗುತ್ತದೆ. ಆದರೆ ಮುಟ್ಟು ಕೂಡ ಕಂದು ಕಲೆಯಿಂದಲೇ ಶುರುವಾಗಬಹುದು. ಅದಕ್ಕೇ ಒಂದು ಕಲೆ ನೋಡಿ ತೀರ್ಮಾನಕ್ಕೆ ಬರಬೇಡಿ. ಈ ಸಲದ ಮುಟ್ಟು ಎಂದಿಗಿಂತ ತೀರಾ ಕಡಿಮೆ ಆಗಿ ನಿಂತುಹೋದರೂ ಬಸಿರಿನ ಟೆಸ್ಟ್ ಮಾಡಿಬಿಡಿ.

ಟೆಸ್ಟ್ ಯಾವಾಗ, ಹೇಗೆ

ಮನೆಯಲ್ಲೇ ಮೂತ್ರದಿಂದ ಬಸಿರು ನೋಡುವ ಕಿಟ್‌ನಲ್ಲಿ, ಮುಟ್ಟು ಆಗಬೇಕಿದ್ದ ದಿನ ದಾಟಿದ ಮೇಲೆ ಮಾಡಿ. ಚಕ್ರ ಏರುಪೇರಾಗಿದ್ದು ಡೇಟೇ ಗೊತ್ತಿಲ್ಲದವರು ಸೇರಿದ ದಿನದಿಂದ 21 ದಿನ ಬಿಟ್ಟು ಮಾಡಬಹುದು. ಬೆಳಗಿನ ಮೊದಲ ಮೂತ್ರ ಒಳ್ಳೆಯದು, ಹಾರ್ಮೋನು ಅದರಲ್ಲಿ ಗಟ್ಟಿಯಾಗಿರುತ್ತದೆ. ಹಿಂದಿನ ರಾತ್ರಿ ಲೀಟರ್‌ಗಟ್ಟಲೆ ನೀರು ಕುಡಿಯಬೇಡಿ. ಕಿಟ್‌ನ ಎಕ್ಸ್‌ಪೈರಿ ನೋಡಿಕೊಳ್ಳಿ. ಡ್ರಾಪರ್‌ನಿಂದ ಹೇಳಿದಷ್ಟೇ ಹನಿ ಹಾಕಿ, ಸಮತಟ್ಟಾದ ಕಡೆ ಇಟ್ಟು ಗಡಿಯಾರ ನೋಡಿ. ಕಿಟ್ ಮೇಲೆ ‘ಸಿ’ ಎಂದು ಬರೆದ ಕಡೆ ಗೆರೆ ಮೂಡದಿದ್ದರೆ ಆ ಕಿಟ್ ಕೆಟ್ಟಿದೆ, ಎಸೆಯಿರಿ. ‘ಸಿ’ ಜೊತೆ ‘ಟಿ’ ಹತ್ತಿರವೂ ಬಣ್ಣದ ಗೆರೆ ಬಂದರೆ, ತೆಳುವಾಗಿದ್ದರೂ, ಪಾಸಿಟಿವ್. ಪ್ಯಾಕೆಟ್ ಹೇಳಿದ ಸಮಯದೊಳಗೆ ಓದಿ ಮುಗಿಸಿ. ಗಂಟೆ ಕಳೆದು ಕಸದ ಬುಟ್ಟಿಯಿಂದ ಎತ್ತಿ ನೋಡಿದರೆ ಬಣ್ಣವಿಲ್ಲದ ಬೂದು ಗೆರೆಯೊಂದು ಕಾಣಬಹುದು. ಅದು ಮೂತ್ರ ಒಣಗಿದ ಗುರುತು, ಅಷ್ಟೇ.

ನೆಗೆಟಿವ್ ಬಂದು ಮುಟ್ಟೂ ಆಗದಿದ್ದರೆ ಒಂದು ವಾರ ಬಿಟ್ಟು ಮತ್ತೊಮ್ಮೆ ಮಾಡಿ. ಗರ್ಭದ ಆರಂಭದಲ್ಲಿ ಎಚ್‌ಸಿಜಿ ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುವುದರಿಂದ ಆಗ ಗೆರೆ ಸ್ಪಷ್ಟವಾಗುತ್ತದೆ. ಬೇಗ ತಿಳಿಯಲೇಬೇಕೆಂದರೆ ರಕ್ತಪರೀಕ್ಷೆ ಇದೆ. ಮಗುವಿಗಾಗಿ ಚಿಕಿತ್ಸೆಯಲ್ಲಿ ಎಚ್‌ಸಿಜಿ ಇಂಜೆಕ್ಷನ್ ತೆಗೆದುಕೊಂಡವರಿಗೆ ಕಿಟ್ ಸುಳ್ಳು ಪಾಸಿಟಿವ್ ತೋರಿಸಬಹುದು. ಅಂಥವರು ಡಾಕ್ಟರ್ ಹೇಳಿದ ದಿನವೇ ಮಾಡಬೇಕು. ಎರಡನೇ ಸಲವೂ ನೆಗೆಟಿವ್ ಬಂದು ಮುಟ್ಟಿನ ಸುದ್ದಿಯೇ ಇಲ್ಲದಿದ್ದರೆ ಥೈರಾಯ್ಡ್, ಪಿಸಿಒಎಸ್ (ಮುಟ್ಟನ್ನು ಏರುಪೇರಾಗಿಸುವ ಹಾರ್ಮೋನು ತೊಂದರೆ), ಒತ್ತಡ, ತೂಕದ ಏರಿಳಿತ ಹೀಗೆ ಕಾರಣಗಳು ಬೇರೆ ಇರಬಹುದು, ತೋರಿಸಿಕೊಳ್ಳಿ.

ಕಾಯುವ ದಿನಗಳಲ್ಲಿ

ಬಸಿರಿರಬಹುದು ಎಂಬ ಅನುಮಾನವಿದ್ದರೆ ಇದ್ದೇ ಇದೆ ಎಂದುಕೊಂಡೇ ನಡೆಯಿರಿ. ಮದ್ಯ, ಸಿಗರೇಟು ಬೇಡ. ಹೊಟ್ಟೆನೋವಿಗೆಂದು ಐಬುಪ್ರೊಫೆನ್‌ನಂಥ ಮಾತ್ರೆ ನೀವೇ ನುಂಗಬೇಡಿ. ದಿನವೂ ತೆಗೆದುಕೊಳ್ಳುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಲೂ ಬೇಡಿ. ಮಗುವಿಗೆ ಪ್ರಯತ್ನಿಸುತ್ತಿರುವವರು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರುಮಾಡಲು ಪಾಸಿಟಿವ್ ಬರಲಿ ಎಂದು ಕಾಯಬೇಕಿಲ್ಲ.

ಒಂದಕ್ಕೆ ಮಾತ್ರ ಕಾಯಲೇಬಾರದು. ಡೇಟ್ ತಪ್ಪಿದೆ ಅಥವಾ ಟೆಸ್ಟ್ ಪಾಸಿಟಿವ್ ಬಂದಿದೆ, ಜೊತೆಗೆ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಜೋರು ನೋವು, ಹೆಗಲ ತುದಿಯಲ್ಲಿ ನೋವು, ತಲೆ ಸುತ್ತಿ ಬೀಳುವಂತಾಗುವುದು, ರಕ್ತಸ್ರಾವ ಇವುಗಳಲ್ಲಿ ಯಾವುದಾದರೂ ಇದೆ ಎಂದರೆ ಗರ್ಭವು ಗರ್ಭಕೋಶಕ್ಕೆ ಬಾರದೆ ಅಂಡನಾಳದಲ್ಲೇ ನಿಂತಿರಬಹುದು. ನಾಳ ಒಡೆದರೆ ಜೀವಕ್ಕೇ ಅಪಾಯ. ರಾತ್ರಿಯಾಗಿದ್ದರೂ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೊರಡಿ.