ಸಾಹಸಯಾತ್ರೆಯ ಛಾಯಾಗ್ರಹಣ: ಮನುಷ್ಯನಿಗೂ ನೆಲಕ್ಕೂ ಒಂದೇ ಚೌಕಟ್ಟು

ಶಿಖರದ ಮೇಲೆ ಬಾವುಟ ಹಿಡಿದು ನಿಂತವರ ಚಿತ್ರ ಬಹುತೇಕ ಎಲ್ಲ ಪರ್ವತಾರೋಹಣಗಳ ಸಂಗ್ರಹದಲ್ಲೂ ಇರುತ್ತದೆ. ಬಾವುಟವನ್ನೂ ಮುಖಗಳನ್ನೂ ಬದಲಿಸಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಯಾರಿಗೂ ತಿಳಿಯುವುದಿಲ್ಲ, ಏಕೆಂದರೆ ಹತ್ತಿದ ಬೆಟ್ಟವೇ ಅದರಲ್ಲಿ ಕಾಣುವುದಿಲ್ಲ. ಅಂಥ ಚಿತ್ರ ಬೇಡವೆಂದು ಹೇಳುತ್ತಿಲ್ಲ. ತಂಡಕ್ಕೂ ನೆರವು ಕೊಟ್ಟವರಿಗೂ ಅದು ಬೇಕಾಗುತ್ತದೆ, ಒಂದು ನಿಮಿಷದಲ್ಲಿ ತೆಗೆದು ಮುಗಿಸಬಹುದು. 1953ರ ಮೇ 29ರಂದು ಎವರೆಸ್ಟ್‌ನ ತುದಿಯಲ್ಲಿ ತೇನ್‌ಸಿಂಗ್ ನೋರ್ಗೆ ಅವರ ಚಿತ್ರವನ್ನು ತೆಗೆದ ಎಡ್ಮಂಡ್ ಹಿಲರಿ, ಅಲ್ಲಿಂದ ಕೆಳಗಿಳಿಯುವ ಏಣುಗಳತ್ತಲೂ (ಬೆಟ್ಟದ ಚೂಪಾದ ಬೆನ್ನುಗಳತ್ತಲೂ) ಕ್ಯಾಮೆರಾ ತಿರುಗಿಸಿದರು. ತಾವು ನಿಂತದ್ದು ಅದೇ ಶಿಖರವೆಂಬುದಕ್ಕೆ ಆ ನೆಲದ ಆಕಾರವೇ ಸಾಕ್ಷಿಯಾಗಬೇಕಿತ್ತು. ನೆಲ ಬರಿಯ ಹಿನ್ನೆಲೆಯಾಗದೆ ತಾನೂ ಒಂದು ಪಾತ್ರವಾಗಿ ನಿಲ್ಲುವ ಚಿತ್ರಗಳನ್ನು ತೆಗೆಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲನೆಯದು ಅಳತೆಯ ಪ್ರಶ್ನೆ. ಹಿಮದ ಇಳಿಜಾರು, ಮರಳುಗುಡ್ಡೆ ಅಥವಾ ಬಂಡೆಯ ಗೋಡೆಯನ್ನು ಒಂಟಿಯಾಗಿ ತೋರಿಸಿದರೆ ಅದು ಹತ್ತು ಮೀಟರ್ ಎತ್ತರದ್ದೋ ಸಾವಿರ ಮೀಟರಿನದ್ದೋ ಎಂದು ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ. ಒಬ್ಬ ಮನುಷ್ಯ ಅದರ ಮೇಲೆ ಕಾಣಿಸಿಕೊಂಡ ಕ್ಷಣವೇ ಗೊತ್ತಾಗುತ್ತದೆ. ಬ್ರಿಟಿಷ್ ಅನ್ವೇಷಕ ರಾಬರ್ಟ್ ಸ್ಕಾಟ್ ಟೆರ್ರಾ ನೋವಾ ಹಡಗಿನಲ್ಲಿ ಕೈಗೊಂಡ ಅಂಟಾರ್ಕ್ಟಿಕಾ ಯಾತ್ರೆಯ ಛಾಯಾಗ್ರಾಹಕ ಹರ್ಬರ್ಟ್ ಪಾಂಟಿಂಗ್ 1911ರ ಜನವರಿಯಲ್ಲಿ ನೀರ್ಗಲ್ಲೊಂದರ ಗುಹೆಯೊಳಗಿಂದ ತೆಗೆದ ಚಿತ್ರದಲ್ಲಿ ಗುಹೆಯ ಬಾಯಲ್ಲಿ ಇಬ್ಬರು ಮನುಷ್ಯರಿದ್ದಾರೆ, ಅವರಾಚೆ ದೂರದಲ್ಲಿ ಹಡಗಿದೆ. ಹಡಗನ್ನೂ ಮನುಷ್ಯರನ್ನೂ ಅಳಿಸಿ ನೋಡಿದರೆ ಉಳಿಯುವುದು ಚೆಂದದ ಮಂಜುಗಡ್ಡೆ ಮಾತ್ರ. ಹೀಗೆ ಅಳತೆಗೆಂದು ಇಡುವ ಆಕೃತಿ ಎಷ್ಟು ಚಿಕ್ಕದಾಗಿರಬಹುದು ಎಂಬುದಕ್ಕೆ ಲೆಕ್ಕಾಚಾರದ ನಿಯಮವಿಲ್ಲ. ಚಿತ್ರವನ್ನು ಕೈಫೋನಿನ ಪರದೆಯಲ್ಲಿ ನೋಡಿದಾಗಲೂ ಅದು ಮನುಷ್ಯನೆಂದು ಗುರುತಾಗಬೇಕು, ಅಷ್ಟು ಸಾಕು. ಗುರುತಾಗಬೇಕಾದರೆ ಆಕೃತಿಯ ಹಿಂದೆ ಒಂದೇ ಬಣ್ಣದ ಜಾಗವಿರಬೇಕು. ಕಪ್ಪು ಬಂಡೆಯ ಮುಂದೆ ಕಡುನೀಲಿ ಅಂಗಿ ಕರಗಿಹೋಗುತ್ತದೆ, ಅದೇ ಅಂಗಿ ಹಿಮದ ಮುಂದೆ ಎದ್ದು ಕಾಣುತ್ತದೆ. ಆದ್ದರಿಂದ ದಾರಿಯಲ್ಲಿ ಮುಂದೆ ಬರುವ ಏಣು, ನೆರಳಿನ ಅಂಚು, ತೆರೆದ ಆಕಾಶ ಇವುಗಳನ್ನು ಮೊದಲೇ ಗಮನಿಸಿ, ತಂಡದವರು ಅಲ್ಲಿಗೆ ತಾವಾಗಿಯೇ ತಲುಪುವವರೆಗೆ ಕಾಯುವುದು ಉತ್ತಮ.

ಇಲ್ಲಿ ಹೊಸಬರು ವೈಡ್ ಲೆನ್ಸ್ (ಅಗಲವಾದ ದೃಶ್ಯವನ್ನು ಹಿಡಿಯುವ ಲೆನ್ಸ್) ಕುರಿತು ಒಂದು ತಪ್ಪು ಎಣಿಕೆಯನ್ನು ಇಟ್ಟುಕೊಂಡಿರುತ್ತಾರೆ. ದೃಶ್ಯ ವಿಶಾಲವಾಗಿದೆ, ಆದ್ದರಿಂದ ಲೆನ್ಸ್ ಕೂಡ ಆದಷ್ಟು ವಿಶಾಲವಾಗಿರಲಿ ಎಂಬ ಎಣಿಕೆ ಅದು. ಆದರೆ 16 ಅಥವಾ 20 ಮಿ.ಮೀ. ಲೆನ್ಸ್ ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುತ್ತದೆ. ಕಣ್ಣಿಗೆ ಭಯ ಹುಟ್ಟಿಸುವ ಶಿಖರ ಚಿತ್ರದಲ್ಲಿ ಸಣ್ಣ ದಿಬ್ಬವಾಗಿ ಕುಳಿತುಬಿಡುತ್ತದೆ. ಡೇರೆಯ ಒಳಗನ್ನು, ಹಗ್ಗ ಹಿಡಿದ ಕೈಯನ್ನು, ಕಾಲಡಿಯ ಬಿರುಕನ್ನು ತೋರಿಸಲು ಆ ಲೆನ್ಸ್ ಸರಿ. ಬೆಟ್ಟದ ಗಾತ್ರ ತೋರಬೇಕೆಂದರೆ ಹಿಂದೆ ಸರಿದು, 100ರಿಂದ 200 ಮಿ.ಮೀ. ನಾಭಿದೂರದಲ್ಲಿ (ಲೆನ್ಸ್‌ನ ಈ ಅಳತೆ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ) ಆಕೃತಿಯನ್ನೂ ಬೆಟ್ಟವನ್ನೂ ಒಟ್ಟಿಗೆ ತರಬೇಕು. ಅಂಥ ದೂರ ಸಿಗಬೇಕಾದರೆ ತಂಡಕ್ಕಿಂತ ಮುಂಚೆ ಹೊರಡಬೇಕು ಅಥವಾ ಹಿಂದೆ ಉಳಿಯಬೇಕು. ಮುಂದೆ ಹೋದವರಿಗೆ ಮುಖಗಳು ಸಿಗುತ್ತವೆ, ಹಿಂದುಳಿದವರಿಗೆ ಬೆನ್ನುಗಳು. ಹಿಮನದಿಯಲ್ಲಿ ಹಗ್ಗಕ್ಕೆ ಕಟ್ಟಿಕೊಂಡಿರುವಾಗ ಈ ಸ್ವಾತಂತ್ರ್ಯವಿಲ್ಲ. ಚೌಕಟ್ಟು ಸರಿಪಡಿಸಲೆಂದು ಕಣ್ಣು ಕ್ಯಾಮೆರಾದಲ್ಲಿಟ್ಟುಕೊಂಡೇ ಒಂದು ಹೆಜ್ಜೆ ಹಿಂದಿಡುವ ಅಭ್ಯಾಸ ಊರಿನಲ್ಲಿ ನಿರಪಾಯಕಾರಿ, ಅಲ್ಲಿ ಪ್ರಾಣಾಂತಿಕ. ಎಲ್ಲಿ ನಿಲ್ಲಬಹುದು, ಎಷ್ಟು ಹೊತ್ತು ನಿಲ್ಲಬಹುದು ಎಂಬುದನ್ನು ಹೊರಡುವ ಮುನ್ನವೇ ತಂಡದ ನಾಯಕರೊಂದಿಗೆ ಮಾತಾಡಿಕೊಂಡಿರಬೇಕು.

ಸಲಕರಣೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಇಟಲಿಯ ಪರ್ವತ ಛಾಯಾಗ್ರಾಹಕ ವಿಟ್ಟೋರಿಯೋ ಸೆಲ್ಲಾ ಆಲ್ಪ್ಸ್‌ನಲ್ಲಿ ತಮ್ಮ ಆರಂಭದ ವರ್ಷಗಳಲ್ಲಿ 30×40 ಸೆಂ.ಮೀ. ಅಳತೆಯ ಗಾಜಿನ ಫಲಕಗಳನ್ನು ಹೊತ್ತು ಹತ್ತಿದ್ದರು. ಇಂದು ಒಂದು ಕ್ಯಾಮೆರಾ, 24–105 ಮಿ.ಮೀ. ವ್ಯಾಪ್ತಿಯ ಒಂದು ಲೆನ್ಸ್, ತೂಕ ತಾಳುವುದಾದರೆ ದೂರದ್ದನ್ನು ಹತ್ತಿರ ತರುವ ಒಂದು ಸಣ್ಣ ಟೆಲಿಫೋಟೊ ಲೆನ್ಸ್ ಇಷ್ಟರಲ್ಲಿ ಕೆಲಸ ನಡೆಯುತ್ತದೆ. ಕ್ಯಾಮೆರಾ ಬೆನ್ನುಚೀಲದೊಳಗೆ ಇರಕೂಡದು, ಎದೆಯ ಮೇಲೆ ಇಲ್ಲವೇ ಭುಜದ ಪಟ್ಟಿಗೆ ಸಿಕ್ಕಿಸಿಕೊಂಡಿರಬೇಕು. ದಣಿದವರು ಚೀಲ ಇಳಿಸಿ, ಜಿಪ್ ತೆಗೆದು, ಲೆನ್ಸ್ ಬದಲಿಸಿ ಚಿತ್ರ ತೆಗೆಯುವುದಿಲ್ಲ. ನಾಳೆ ತೆಗೆದರಾಯಿತು ಎಂದುಕೊಂಡು ನಡೆದುಬಿಡುತ್ತಾರೆ. ತೆಳು ಕೈಗವಸು ಹಾಕಿಕೊಂಡೇ ಎಲ್ಲ ಗುಂಡಿಗಳನ್ನು ಒತ್ತಲು ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ.

ಚಳಿ ಮಾತ್ರ ವಿವರವಾಗಿ ಹೇಳಬೇಕಾದ ವಿಷಯ. ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಶೈತ್ಯದಲ್ಲಿ ನಿಧಾನವಾಗುವುದರಿಂದ, ತುಂಬಿದ ಬ್ಯಾಟರಿಯೂ ಬೇಗನೆ ಖಾಲಿಯಾದಂತೆ ತೋರುತ್ತದೆ. ಅದನ್ನು ಎಸೆಯದೆ ಒಳಜೇಬಿನಲ್ಲಿ ಬೆಚ್ಚಗಿಟ್ಟರೆ ಮತ್ತೆ ಸ್ವಲ್ಪ ಹೊತ್ತು ದುಡಿಯುತ್ತದೆ. ಎರಡು ಮೂರು ಬ್ಯಾಟರಿಗಳನ್ನು ಹೀಗೆ ಸರದಿಯಂತೆ ಬಳಸಿ, ರಾತ್ರಿ ಮಲಗುಚೀಲದೊಳಗೆ ಇಟ್ಟುಕೊಳ್ಳಬೇಕು. ಕ್ಯಾಮೆರಾಕ್ಕೆ ನಿಜವಾದ ಅಪಾಯವಿರುವುದು ಚಳಿಯಿಂದ ಬೆಚ್ಚಗಿನ ಜಾಗಕ್ಕೆ ಬರುವಾಗ. ಡೇರೆಯೊಳಗಿನ ಉಸಿರಿನ ಮತ್ತು ಅಡುಗೆಯ ತೇವ ತಣ್ಣಗಿನ ಗಾಜಿನ ಮೇಲೆ ಹನಿಗಟ್ಟಿ ಒಳಭಾಗಗಳಿಗೂ ಇಳಿಯುತ್ತದೆ. ಆದ್ದರಿಂದ ಹೊರಗಿರುವಾಗಲೇ ಕಾರ್ಡ್ ಮತ್ತು ಬ್ಯಾಟರಿಯನ್ನು ತೆಗೆದುಕೊಂಡು, ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಒಳಗೆ ತಂದು, ಅದು ಒಳಗಿನ ಉಷ್ಣತೆಗೆ ಬರುವವರೆಗೆ ಚೀಲ ಬಿಚ್ಚಬಾರದು. ಹತ್ತುವಾಗ ಅದನ್ನು ಅಂಗಿಯೊಳಗೆ ಬೆಚ್ಚಗಿಡುವುದೂ ಬೇಡ, ಬೆವರಿನ ಆವಿ ಅದೇ ಕೆಲಸ ಮಾಡುತ್ತದೆ.

ಹಿಮದ ಮೇಲೆ ಕ್ಯಾಮೆರಾದ ಬೆಳಕಿನ ಮಾಪಕ ಮೋಸಹೋಗುತ್ತದೆ. ಎದುರಿಗಿರುವುದೆಲ್ಲ ಸರಾಸರಿ ಬೂದುಬಣ್ಣದ್ದೆಂದು ಭಾವಿಸಿ ಅದು ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕಿನ ಪ್ರಮಾಣ) ತಗ್ಗಿಸುವುದರಿಂದ ಬಿಳಿ ಹಿಮ ಬೂದಿಯಂತೆ ಬರುತ್ತದೆ. ಒಂದರಿಂದ ಎರಡು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಹೆಚ್ಚಿಸಿ, ಪರದೆಯ ಹೊಳಪನ್ನು ನಂಬದೆ ಹಿಸ್ಟೋಗ್ರಾಂ (ಚಿತ್ರದ ಬೆಳಕು-ಕತ್ತಲೆಯ ಹಂಚಿಕೆ ತೋರಿಸುವ ನಕ್ಷೆ) ನೋಡಿ ಖಚಿತಪಡಿಸಿಕೊಳ್ಳಿ. ಇದೇ ಹಿಮ ಒಂದು ಉಪಕಾರವನ್ನೂ ಮಾಡುತ್ತದೆ: ಬೆಳಕನ್ನು ಕೆಳಗಿನಿಂದ ಮೇಲಕ್ಕೆ ಚಿಮ್ಮಿಸಿ, ಟೋಪಿಯ ನೆರಳಿನಲ್ಲಿರುವ ಮುಖಗಳನ್ನು ನಡುಹಗಲಿನಲ್ಲೂ ಬೆಳಗುತ್ತದೆ.

ಮನುಷ್ಯನಿಗೂ ಕಾಡುನೆಲಕ್ಕೂ ಇರುವ ಸಂಬಂಧ ಹೆಚ್ಚಾಗಿ ಕಾಣುವುದು ಶಿಖರದಲ್ಲಲ್ಲ. ಬಿರುಗಾಳಿಗೆ ಡೇರೆ ಹಿಡಿದು ಕೂತವರು, ಹರಿದ ಕೈಗವಸು ಹೊಲಿಯುವವರು, ಮಂಜು ಕರಗಿಸಿ ನೀರು ಮಾಡುವವರು, ಮೋಡ ಸರಿಯಲೆಂದು ಇಡೀ ದಿನ ಕಾದವರು: ನೆಲ ತನ್ನ ಷರತ್ತುಗಳನ್ನು ಹೇರುವುದು ಇಂಥ ಹೊತ್ತುಗಳಲ್ಲಿ. 1912ರ ಜನವರಿಯಲ್ಲಿ ದಕ್ಷಿಣ ಧ್ರುವ ತಲುಪಿದ ಸ್ಕಾಟ್ ತಂಡ ದಾರದಿಂದ ಶಟರ್ ಎಳೆದು ತನ್ನದೇ ಚಿತ್ರ ತೆಗೆದುಕೊಂಡಿತು. ಬಾವುಟ ಅದರಲ್ಲೂ ಇದೆ, ಆದರೂ ಅದು ಮನಸ್ಸಿನಲ್ಲಿ ನಿಲ್ಲುವುದು ಆ ಐವರ ಮುಖದ ದಣಿವಿನಿಂದ. ಅಂಥ ಕ್ಷಣಗಳನ್ನು ತೆಗೆಯುವ ಹಕ್ಕು ತಂಡದ ಕೆಲಸದಲ್ಲಿ ಪಾಲುಗೊಂಡವರಿಗೆ ಸುಲಭವಾಗಿ ಸಿಗುತ್ತದೆ. ಡೇರೆ ಕಟ್ಟದೆ ಚಿತ್ರ ಮಾತ್ರ ತೆಗೆಯುವವರ ಕ್ಯಾಮೆರಾ ಕಂಡರೆ ಜನ ಮುಖ ತಿರುಗಿಸುತ್ತಾರೆ. ಕಾಯಿಲೆ, ಗಾಯ, ಅಳು ಇವುಗಳ ಚಿತ್ರ ತೆಗೆಯಬಹುದೇ ಎಂಬುದನ್ನು ಯಾತ್ರೆಗೆ ಮುಂಚೆಯೇ ಎಲ್ಲರನ್ನೂ ಕೇಳಿ ತಿಳಿದುಕೊಳ್ಳಬೇಕು, ಅಪಾಯದ ಹೊತ್ತಿನಲ್ಲಿ ಕೈಗಳಿಗೆ ಬೇರೆ ಕೆಲಸವಿರುತ್ತದೆ.

ಚಿತ್ರ ನೆಲದ ಹಣೆಬರಹವನ್ನೂ ಬದಲಿಸಬಲ್ಲದು. ವಿಲಿಯಂ ಹೆನ್ರಿ ಜಾಕ್ಸನ್ 1871ರಲ್ಲಿ ಅಮೆರಿಕ ಸರ್ಕಾರದ ಹೇಡನ್ ಭೂಸಮೀಕ್ಷೆಯಲ್ಲಿ ತೆಗೆದ ಯೆಲ್ಲೊಸ್ಟೋನ್ ಚಿತ್ರಗಳು, 1872ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನವಾಗಲು ನೆರವಾದವು. ಆದರೆ ನಿರ್ಜನವೆಂದು ತೋರುವ ಅಂಥ ನೆಲದಲ್ಲಿ ಮೂಲನಿವಾಸಿ ಜನರು ಬಹುಕಾಲದಿಂದ ಬೇಟೆಯಾಡುತ್ತ ಓಡಾಡುತ್ತಿದ್ದರೆಂಬುದನ್ನು ಮರೆತೇ ನೋಡುವ ರೂಢಿಯನ್ನೂ ಭೂದೃಶ್ಯದ ಚಿತ್ರಗಳು ಬೆಳೆಸಿವೆ. ಹಾಗಾಗಿ ಚೌಕಟ್ಟಿನ ಅಂಚಿನಲ್ಲಿ ಕಾಲುದಾರಿಯೋ ಕುರಿಹಟ್ಟಿಯೋ ಇದ್ದರೆ, ಕಾಡುತನ ಕೆಡುತ್ತದೆಂದು ಅದನ್ನು ಕತ್ತರಿಸುವ ಮುನ್ನ ಯೋಚಿಸಬೇಕು. ಹೊರೆ ಹೊತ್ತವರೂ ದಾರಿ ತೋರಿದವರೂ ಚಿತ್ರದಲ್ಲಿದ್ದರೆ, ಅವರು ಒಪ್ಪಿದಲ್ಲಿ, ಅಡಿಬರಹದಲ್ಲಿ ಅವರ ಹೆಸರು ಇರಲೇಬೇಕು. ಸಾಹಸಿಗಳಿಗೆ ಹೆಸರು, ಉಳಿದವರಿಗೆ “ಸ್ಥಳೀಯರು” ಎಂಬ ಒಂದೇ ಪದ ಎಂಬ ಪದ್ಧತಿ ನನಗೆ ಸರಿಕಾಣುವುದಿಲ್ಲ.

ಪ್ರಾಣಿಗಳ ಬಳಿ ಹೋಗುವಾಗ ಅವುಗಳ ನಡವಳಿಕೆಯೇ ಅಳತೆಗೋಲು. ಅಂಟಾರ್ಕ್ಟಿಕಾದಲ್ಲಿ ಪೆಂಗ್ವಿನ್‌ಗಳಿಂದ ಕನಿಷ್ಠ 5 ಮೀಟರ್ ದೂರವಿರಬೇಕೆಂಬ ಮಾರ್ಗಸೂಚಿಯಿದೆ, ಆದರೆ 20 ಮೀಟರ್ ದೂರದಲ್ಲೇ ಪ್ರಾಣಿ ತಲೆಯೆತ್ತಿ ನಿಮ್ಮನ್ನು ದಿಟ್ಟಿಸತೊಡಗಿದರೆ ನೀವು ಆಗಲೇ ಹೆಚ್ಚು ಹತ್ತಿರವಾಗಿದ್ದೀರಿ. ಪಾಚಿ, ಕಲ್ಲುಹೂಗಳ ಮೇಲೆ ಕಾಲಿಡದೆ ಬಂಡೆ ಅಥವಾ ಹಿಮದ ಮೇಲೆ ನಿಂತೇ ಕೋನ ಹುಡುಕಿ. ಡ್ರೋನ್ ಒಯ್ಯುವ ಮುನ್ನ ಅಲ್ಲಿನ ಕಾನೂನು ನೋಡಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ಅದಕ್ಕೆ ನಿಷೇಧವಿದೆ. ನಾಜೂಕಾದ ಜಾಗಗಳ ಚಿತ್ರ ಪ್ರಕಟಿಸುವಾಗ ಕಡತದಲ್ಲಿ ಅಡಗಿರುವ ಸ್ಥಳದ ಗುರುತನ್ನು ತೆಗೆದುಹಾಕಿ.

ಇನ್ನು ಆಯ್ಕೆ. 1915ರಲ್ಲಿ ಅರ್ನೆಸ್ಟ್ ಶಾಕಲ್‌ಟನ್ ನಾಯಕತ್ವದ ಅಂಟಾರ್ಕ್ಟಿಕಾ ಯಾತ್ರೆಯ ಎಂಡ್ಯೂರೆನ್ಸ್ ಹಡಗು ಮಂಜುಗಡ್ಡೆಯ ನಡುವೆ ಸಿಕ್ಕಿ ನುಚ್ಚಾದಾಗ ಅದರ ಛಾಯಾಗ್ರಾಹಕ ಫ್ರಾಂಕ್ ಹರ್ಲಿ ತಣ್ಣೀರಿಗಿಳಿದು ಗಾಜಿನ ಫಲಕಗಳನ್ನು ಎತ್ತಿತಂದರು. ಎಲ್ಲವನ್ನೂ ಒಯ್ಯಲಾಗದೆ, ಶಾಕಲ್‌ಟನ್ ಜೊತೆ ಕೂತು ಸುಮಾರು 120ನ್ನು ಉಳಿಸಿಕೊಂಡು ಸುಮಾರು 400ನ್ನು ಒಡೆದುಹಾಕಿದರು. ಮುಂದಿನ ತಿಂಗಳುಗಳಿಗೆ ಅವರ ಬಳಿ ಉಳಿದದ್ದು ಜೇಬಿನ ಕ್ಯಾಮೆರಾ ಮತ್ತು ಮೂರು ಫಿಲ್ಮ್ ರೋಲ್. ಇಂದು ಒಡೆಯುವ ಅಗತ್ಯವಿಲ್ಲ, ಆದರೆ ಆರಿಸುವ ಕೆಲಸ ತಪ್ಪಿಲ್ಲ. ಪ್ರತಿ ಸಂಜೆ ಚಿತ್ರಗಳನ್ನು ಎರಡು ಕಡೆ ನಕಲು ಮಾಡಿ, ಎರಡನ್ನೂ ಬೇರೆ ಬೇರೆಯವರ ಚೀಲದಲ್ಲಿಡಿ. ಸ್ಥಳ, ಹೊತ್ತು, ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ, ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತದೆ. ಕೊನೆಯ ಆಯ್ಕೆಯನ್ನು ಹಿಂತಿರುಗಿದ ವಾರವೇ ಮಾಡಬೇಡಿ. ಕಷ್ಟಪಟ್ಟು ತೆಗೆದ ಚಿತ್ರಗಳೆಲ್ಲ ಆಗ ಒಳ್ಳೆಯವೆಂದೇ ಅನಿಸುತ್ತವೆ. ಒಂದೆರಡು ತಿಂಗಳ ಬಳಿಕ, ಯಾತ್ರೆಗೆ ಬಾರದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ವಿವರಣೆಯನ್ನೂ ಕೊಡದೆ ತೋರಿಸುತ್ತ ಹೋಗಿ, ಅವರು ಪ್ರಶ್ನೆ ಕೇಳಲೆಂದು ನಿಲ್ಲಿಸಿದ ಚಿತ್ರಗಳನ್ನು ಬೇರೆಯಾಗಿ ತೆಗೆದಿಡಿ.